ಕಣವನ್ನು ಟರ್ಫ್ ಮಾಡಿದ ಬೇಸಿಗೆ

ಮೈದಾನ ಯಾವುದೇ ಇರಲಿ, ಒಳಗೆ ಕಾಲಿಟ್ಟ ಕೂಡಲೇ ನಾನು ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿ ನೋಡುತ್ತೇನೆ. ಇದನ್ನು ನಾನು ಚಟ ಅನ್ನುತ್ತೇನೆ, ನನ್ನ ಹೆಂಡತಿ ರೋಗ ಅನ್ನುತ್ತಾಳೆ. ಮದುವೆಗೆ ಹೋದಾಗಲೂ ಹಂದರದಡಿ ಹಾಸಿದ ಜಮಖಾನೆಯ ಅಂಚು ಎತ್ತಿ ಕೆಳಗಿನ ನೆಲ ಸಪಾಟಾಗಿದೆಯೇ ಎಂದು ನೋಡಿ, ಬೀಗರ ಮುಂದೆ ಆಕೆಯ ಮಾನ ಕಳೆದವನು ನಾನು. ಏನು ಮಾಡಲಿ, ಕೂತಲ್ಲಿ ಕೂಡುವ ಜನ್ಮವೇ ಅಲ್ಲ ನನ್ನದು. ಅದರಲ್ಲೂ ನೆಲದ ವಿಷಯ ಬಂದರೆ ಮೈಯೊಳಗೆ ಇರುವೆ ಬಿಟ್ಟಂತಾಗುತ್ತದೆ.

ನಾನು ಹಾಕಿ ಆಟ ಕಲಿತದ್ದು ಹುಕ್ಕೇರಿಯಲ್ಲಿ, ಗರಸು ಹಾಕಿದ ಕೆಂಪು ಮೈದಾನದಲ್ಲಿ. ಅಲ್ಲಿ ಚೆಂಡು ನೆಟ್ಟಗೆ ಬಂದದ್ದು ನನಗೆ ನೆನಪಿಲ್ಲ. ಒಂದು ಹರಳಿಗೆ ತಾಗಿ ಎಡಕ್ಕೆ ಹೊರಳುತ್ತಿತ್ತು, ಇನ್ನೊಂದಕ್ಕೆ ತಾಗಿ ಮೊಳಕಾಲಿಗೆ ಬಡಿಯುತ್ತಿತ್ತು. ಆದರೆ ಹಾಗೆ ಎಡವುತ್ತ ಬರುವ ಚೆಂಡು ನಿಧಾನವಾಗಿಯೂ ಬರುತ್ತಿತ್ತು. ಅಷ್ಟರಲ್ಲಿ ನಾವು ಏನು ಮಾಡಬೇಕೆಂದು ಯೋಚನೆ ಮಾಡಬಹುದಿತ್ತು. ಆ ಊರಲ್ಲಿ ನಾನು ಭಾರಿ ಆಟಗಾರ ಅನ್ನಿಸಿಕೊಂಡಿದ್ದೆ.

ದೈಹಿಕ ಶಿಕ್ಷಣದ ಕಾಲೇಜಿನಲ್ಲಿದ್ದಾಗ ಒಂದು ಆಯ್ಕೆಗೆ ಬೆಂಗಳೂರಿಗೆ ಕಳಿಸಿದರು. ಟರ್ಫನ್ನು, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಹಾಸನ್ನು, ಅಂದೇ ಮೊದಲು ಕಂಡದ್ದು. ಚೆಂಡು ನನ್ನ ಕಡೆ ಬರುವುದು ಕಂಡಿತು, ಸ್ಟಿಕ್ ಕೆಳಗಿಟ್ಟೆ, ಚೆಂಡು ಆಗಲೇ ನನ್ನ ಹಿಂದೆ ಇತ್ತು. ಎರಡನೆಯದೂ ಹಾಗೇ ಆಯಿತು, ಮೂರನೆಯದೂ. ಹತ್ತು ನಿಮಿಷಕ್ಕೆ ಸೀಟಿ ಊದಿ ನನ್ನನ್ನು ಹೊರಗೆ ಕರೆದರು. ಊರಿಗೆ ಬಂದು, ಆಟ ಕೆಟ್ಟದ್ದಲ್ಲ, ನೆಲ ಬೇರೆ ಇತ್ತು ಎಂದು ಮನೆಯಲ್ಲಿ ಹೇಳಿದಾಗ ನಮ್ಮಣ್ಣ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ" ಅಂದ. ಎಲ್ಲರೂ ನಕ್ಕರು. ನಾನು ಊಟ ಬಿಟ್ಟು ಎದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಗಿನಿಂದ ಈ ಪ್ಲಾಸ್ಟಿಕ್ ಹುಲ್ಲಿನ ಜಾತಕವನ್ನೇ ಹುಡುಕತೊಡಗಿದೆ. ನೌಕರಿ ಸಿಕ್ಕಿ ಗೋಕಾಕದಲ್ಲಿ ಮನೆ ಮಾಡಿದ ಮೇಲೆ ರವಿವಾರ ಬಂತೆಂದರೆ ವಾಚನಾಲಯದಲ್ಲಿ ಹಳೆಯ ಕ್ರೀಡಾಪತ್ರಿಕೆಗಳ ಗಂಟು ಬಿಚ್ಚುತ್ತಿದ್ದೆ. ಅಲ್ಲಿ ಓದಿದ್ದು ಹೀಗೆ: ಅರವತ್ತರ ದಶಕದಲ್ಲಿ ಅಮೆರಿಕದವರು ಸೂರು ಹೊದಿಸಿದ ಒಂದು ಭಾರಿ ಮೈದಾನ ಕಟ್ಟಿದರು. ಬೆಳಕು ಬರಲೆಂದು ಸೂರಿಗೆ ಗಾಜಿನಂಥ ಹಾಳೆ ಹಾಕಿ, ಕೆಳಗೆ ನಿಜವಾದ ಹುಲ್ಲನ್ನೇ ಬೆಳೆಸಿದರು. ಆ ಬೆಳಕು ಕಣ್ಣಿಗೆ ಕುಕ್ಕಿ, ಮೇಲೆ ಹಾರಿದ ಚೆಂಡು ಆಟಗಾರರಿಗೆ ಕಾಣದಾಯಿತು. ಸೂರಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಬಿಸಿಲಿಲ್ಲದೆ ಹುಲ್ಲು ಸತ್ತಿತು. ಸತ್ತ ಹುಲ್ಲಿಗೇ ಹಸಿರು ಬಣ್ಣ ಹೊಡೆದು ಕೆಲವು ದಿನ ಆಡಿದರು. ಕೊನೆಗೆ ಇದ್ಯಾವ ಕಾಟವೂ ಬೇಡವೆಂದು ನೈಲಾನಿನ ಹುಲ್ಲು ಹಾಸಿದರು. ಹತ್ತು ವರ್ಷದಲ್ಲಿ ಅದು ಹಾಕಿಗೂ ಬಂತು. ಹುಲ್ಲಿನ ಮೇಲೆ ಆಡಿ 1975ರ ವಿಶ್ವಕಪ್ ಗೆದ್ದ ನಮ್ಮ ದೇಶದವರು, ಮರುವರ್ಷದ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಸಲ ಕೃತಕ ಹಾಸಿನ ಮೇಲೆ ಆಡಿಸಿದಾಗ ಏಳನೆಯವರಾಗಿ ಬಂದರು.

ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಪುಟ ಹಿಡಿದುಕೊಂಡು ಹುಕ್ಕೇರಿಗೆ ಹೋಗಿ ನಮ್ಮಣ್ಣನ ಮುಂದೆ ಇಡಬೇಕೆನಿಸಿತು. ಅಂಗಳವೇ ಬದಲಾಗಿದ್ದರೆ ಕುಣಿಯುವವರು ಏನು ಮಾಡಬೇಕು? ಆದರೆ ವಾಚನಾಲಯದವರು ಪತ್ರಿಕೆ ಹೊರಗೆ ಒಯ್ಯಲು ಬಿಡಲಿಲ್ಲ.

ನನ್ನ ಸಾಲೆ ಇದ್ದದ್ದು ಅರಭಾವಿ ದಾಟಿ ಮೂಡಲಗಿ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ದಿನಾ ಗೋಕಾಕದಿಂದ ಬಸ್ಸು. ಅರಭಾವಿಯವರೆಗೆ ತೋಟಗಾರಿಕೆ ಕಾಲೇಜಿನ ಹುಡುಗರು ಕಾಲಿಡಲು ಜಾಗ ಕೊಡುತ್ತಿರಲಿಲ್ಲ, ಅವರು ಇಳಿದ ಮೇಲೆ ಬಸ್ಸಿನಲ್ಲಿ ಸೀಟಿಗಿಂತ ಮಾಸ್ತರುಗಳೇ ಕಡಿಮೆ. ಸೀಟು ಖಾಲಿ ಇದ್ದರೂ ನಾನು ನಿಂತೇ ಹೋಗುತ್ತಿದ್ದೆ. ಉಳಿದ ಮಾಸ್ತರುಗಳು, "ಪಿ.ಟಿ. ಸರಿಗೆ ಕುಂಡ್ರಾಕ ಬರೂದಿಲ್ಲ" ಎಂದು ಕಾಡುತ್ತಿದ್ದರು.

ಆ ಸಾಲೆಯ ಹೆಣ್ಣುಮಕ್ಕಳಿಗೆ ನಾನು ಹಾಕಿ ಕಲಿಸಿದೆ. ಏಳೆಂಟು ಹುಡುಗಿಯರು, ಎಲ್ಲರೂ ಬರಿಗಾಲಿನವರು. ಅವರಲ್ಲಿ ಒಬ್ಬಳ ಬಗ್ಗೆ ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದೆ. ಕುರಿಯ ಮನೆತನದವಳು. ಅವರಿಗೆ ಸ್ವಲ್ಪ ಹೊಲವೂ ಇತ್ತು, ಹಿಂಡೂ ಇತ್ತು. ಕುರಿ ತಿರುವಿದ ಕೈ ಸ್ಟಿಕ್ ಹಿಡಿಯಿತು ಎಂದು ಊರವರು ಮಾತಾಡುತ್ತಿದ್ದರು. ಸುಳ್ಳು. ಅವಳ ಗುಟ್ಟು ಕೈಯಲ್ಲಿರಲಿಲ್ಲ, ಅದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಅವಳು ಹತ್ತನೆಯ ಇಯತ್ತೆಯಲ್ಲಿದ್ದಳು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಅದರಲ್ಲಿ ಪಾಸಾದರೆ ಊಟ, ವಸತಿ, ಕಾಲೇಜು ಎಲ್ಲವೂ ಅವರದೇ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕಡೆಯ ಅವಕಾಶ. ಅವಳಪ್ಪನನ್ನು ಕೇಳಲು ಅವರ ಮನೆಗೆ ಹೋದೆ. ಆತ ಕಂಬಳಿ ಹಾಸಿ ನನ್ನನ್ನು ಕೂಡಿಸಿ, ಎದುರಿಗೆ ತಾನೂ ಕೂತ.

"ಸೀಟ ಸಿಕ್ಕರ ಕಲೀಲಿರಿ ಮಾಸ್ತರ್ರ, ನಾ ಬ್ಯಾಡ ಅನ್ನೂದಿಲ್ಲ. ಸಿಗಲಿಲ್ಲ ಅಂದ್ರ ಮತ್ತ ಹಟಾ ಮಾಡಬಾರದು. ಮಳಿ ಮುಗದ ಮ್ಯಾಲ ಕುರಿ ಮೇಯಾಕ ದೂರ ಹೊಂಡತಾವ. ಅವರವ್ವಗ ಕೈಗೊಬ್ಬರು ಬೇಕ್ರಿ" ಅಂದ.

ಆತನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವಳು ಇದನ್ನೆಲ್ಲ ಕೇಳಿಸಿಕೊಂಡಳು. ಅವಳ ಪಕ್ಕದಲ್ಲಿ ಎಂಟನೆಯ ಇಯತ್ತೆಯ ಅವಳ ತಂಗಿಯೂ ನಿಂತಿದ್ದಳು, ಅವಳೂ ನನ್ನ ತಂಡದವಳೇ.

ಅಂದಿನಿಂದ ನನ್ನ ನಿದ್ದೆ ಹಾರಿತು. ಆಟದಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ, ಹೆದರಿಕೆ ನೆಲದ್ದು. ನನಗಾದಂತೆಯೇ ಅವಳಿಗೂ ಆಗುತ್ತದೆ, ಮೊದಲ ಮೂರು ಚೆಂಡು ಕಣ್ಣ ಮುಂದೆಯೇ ಹಾಯ್ದು ಹೋಗುತ್ತವೆ, ಸೀಟಿ ಊದುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆಗ ಟರ್ಫ್ ಇರಲಿಲ್ಲ. ಸಾಲೆಯ ಮೈದಾನ ಅಂದರೆ ಕಲ್ಲು, ಮುಳ್ಳು, ಮಧ್ಯದಲ್ಲಿ ಒಂದು ಕಾಲುದಾರಿ. ಜಾರುವಂಥ, ಸಪಾಟಾದ, ಚೆಂಡು ಓಡುವಂಥ ನೆಲ ಎಲ್ಲಿಂದ ತರಲಿ? ಸಿಮೆಂಟಿನ ಕಟ್ಟೆ ನೋಡಿದೆ, ಸೊಸಾಯಿಟಿಯ ಗೋದಾಮು ನೋಡಿದೆ, ಬಸ್ ಸ್ಟ್ಯಾಂಡಿನ ಕಾಂಕ್ರೀಟನ್ನೂ ಸವರಿ ನೋಡಿದೆ. ಒಂದೂ ಸರಿಯಾಗಲಿಲ್ಲ.

ಮಾರ್ಚ್ ತಿಂಗಳ ಒಂದು ಸಂಜೆ, ಬಸ್ಸಿನ ಕಿಟಕಿಯಿಂದ ಒಂದು ಹೊಲದ ಕಣ ಕಂಡಿತು. ಜೋಳದ ರಾಶಿ ಎದ್ದು ಹೋಗಿತ್ತು. ಇಳಿಬಿಸಿಲಿಗೆ ಆ ಬರಿದಾದ ಕಣ ತಾಟಿನಂತೆ ಹೊಳೆಯುತ್ತಿತ್ತು. ನಾನು ಕಂಡಕ್ಟರನಿಗೆ ಕೂಗಿ ಬಸ್ಸು ನಿಲ್ಲಿಸಿ ಇಳಿದು ಓಡಿದೆ. ಚಪ್ಪಲಿ ಬದುವಿನ ಮೇಲೆ ಬಿಟ್ಟು ಕುಕ್ಕರಗಾಲಲ್ಲಿ ಕೂತು ಸವರಿದೆ. ಅಗೆದು, ನೀರು ಹೊಯ್ದು, ತುಳಿದು, ಕಲ್ಲುರುಳೆ ಎಳೆದು, ಸಗಣಿ ಬಳಿದು ಮಾಡಿದ ನೆಲ. ಒಂದು ಹರಳಿಲ್ಲ, ಒಂದು ಬಿರುಕಿಲ್ಲ. ಅಂಗೈ ಜಾರುತ್ತ ಹೋಯಿತು.

"ಏನ್ರಿ ಮಾಸ್ತರ, ಏನರ ಕಳದೈತೇನು?" ಎಂದು ಹಿಂದಿನಿಂದ ದನಿ ಬಂತು. ಹೊಲದ ಯಜಮಾನರು, ಜೈನರ ಹಿರಿಯರು. ಊರೆಲ್ಲ ಅವರನ್ನು ಕಾಕಾ ಅನ್ನುತ್ತಿತ್ತು. ಮನೆಯೊಳಗೆ ಮರಾಠಿ, ಹೊಲದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮಷಿನ್ ಬಂದು ಊರವರೆಲ್ಲ ಕಣ ಬಿಟ್ಟರೂ, ಮನೆಗೆ ಬೇಕಾದ ಜೋಳವನ್ನು ಕಣದಲ್ಲೇ ಒಕ್ಕಬೇಕು ಎಂಬ ಹಟದವರು.

ನಾನು ಟರ್ಫಿನ ಕತೆ ಎಲ್ಲ ಹೇಳಿದೆ. ಸತ್ತ ಹುಲ್ಲಿಗೆ ಬಣ್ಣ ಹೊಡೆದದ್ದಕ್ಕೆ ಬಂದಾಗ ಕಾಕಾ ನನ್ನನ್ನು ತಡೆದರು.

"ಹುಲ್ಲಿಗೆ ಬಣ್ಣಾ? ಮತ್ತ ದನಾ ತಿಂದ್ರ?"

"ಅಲ್ಲೆ ದನಾ ಬಿಡೂದಿಲ್ರಿ ಕಾಕಾರ."

"ದನಾ ಬಿಡದ ಜಾಗಾಕ ಹುಲ್ಲ ಯಾಕ್ರಿ ಮತ್ತ?" ಎಂದು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ಆಮೇಲೆ ಗಂಭೀರರಾಗಿ ಕಣದ ಕಡೆ ನೋಡಿದರು. "ಮಳಿ ಬೀಳೂತನಾ ಇದು ಸುಮ್ಮನ ಬಿದ್ದಿರತೈತಿ. ಆಡ್ಲಿ ಬಿಡ್ರಿ ಹುಡುಗ್ಯಾರು. ಆದ್ರ ಒಂದು ಮಾತ. ಕಣದ ಮ್ಯಾಲ ಕಾಲಾಗ ಏನೂ ಇರಬಾರದು. ಲಕ್ಷ್ಮಿ ಕುಂತ ಜಾಗಾ ಇದು."

ನಾನು ತಲೆಯಾಡಿಸಿದೆ. ಇದೇನು ನನಗೆ ಹೊಸ ಮಾತಲ್ಲ. ಚಪ್ಪಲಿ ಮೆಟ್ಟಿ ಕಣ ತುಳಿಯುವವರು ನಮ್ಮ ಕಡೆ ಯಾರಿದ್ದಾರೆ? ಬದುವಿನ ಮೇಲೆ ನನ್ನವು ಆಗಲೇ ಬಿದ್ದಿದ್ದವು.

ಪರೀಕ್ಷೆ ಮುಗಿದ ಮರುದಿನದಿಂದ ಶುರುವಾಯಿತು. ಅಳತೆಯಲ್ಲಿ ಆ ಕಣ, ಹಾಕಿ ಆಡುವ ಮೈದಾನದ ಕಾಲುಭಾಗವೂ ಇರಲಿಲ್ಲ, ಆದರೆ ಚೆಂಡು ತಡೆಯಲಿಕ್ಕೆ, ಹೊಡೆಯಲಿಕ್ಕೆ ಸಾಕಿತ್ತು. ಮೊದಲ ದಿನ ಸಾಲೆಯ ಹಳೇ ಚೆಂಡನ್ನು ನಾನೇ ತಳ್ಳಿದೆ. ಸರ್ರನೆ ಹೋಯಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ಸ್ಟಿಕ್ ಇಳಿಸುವಷ್ಟರಲ್ಲಿ ಚೆಂಡು ಜೋಳದ ಕೂಳೆಯೊಳಗೆ ಸೇರಿತ್ತು. ನನಗೆ ಕುಣಿಯುವಂತಾಯಿತು. ಇದೇ, ಇದೇ ನನಗೆ ಬೆಂಗಳೂರಿನಲ್ಲಿ ಆದದ್ದು!

ಟರ್ಫಿಗೆ ಆಟದ ಮುಂಚೆ ನೀರು ಹೊಡೆಯುತ್ತಾರೆ ಎಂದು ಓದಿದ್ದೆನಲ್ಲ, ನಾವೂ ಹೊಡೆದೆವು. ಕಬ್ಬಿಗೆ ನೀರು ಬಿಟ್ಟು ರೂಢಿಯಾದ ಊರು, ಅಳತೆ ಗೊತ್ತಿಲ್ಲ. ಹತ್ತು ಕೊಡ ಸುರಿದು ಆಡಲು ನಿಂತರೆ ಎಂಟೂ ಜನ ರಾಡಿಯಲ್ಲಿ ಬಿದ್ದೆವು, ನಾನೂ ಸೇರಿ. ಕಾಕಾ ಬೇವಿನ ಗಿಡದ ಕೆಳಗೆ ಕೂತು, "ಇದೇನ ಟರ್ಫೋ, ಎಮ್ಮಿ ಹೊಂಡೋ?" ಎಂದು ಕೇಳಿದರು. ಕೆಟ್ಟ ಜಾಗವನ್ನು ಮತ್ತೆ ತುಳಿದು ಸಗಣಿ ಬಳಿದು ಸರಿಮಾಡಲು ಮೂರು ದಿನ ಹಿಡಿಯಿತು. ಆಮೇಲೆ ಮುಂಜಾನೆ ಅಂಗಳಕ್ಕೆ ಚಳೆ ಹೊಡೆದಂತೆ ನೀರನ್ನು ಬರೇ ಚಿಮುಕಿಸಿ, ಕಾಲು ತಾಸು ಬಿಸಿಲಿಗೆ ಬಿಟ್ಟು ಆಡುವುದು ಕಲಿತೆವು.

ಆ ಚಿಮುಕಿಸುವುದಕ್ಕೂ ಕಾಕಾನ ಒಂದು ಕಟ್ಟಳೆ ಇತ್ತು. ಕಣದಲ್ಲಿ ಉಳಿದ ಕಾಳಿಗೆ ಇರುವೆ ಬರುತ್ತಿದ್ದವು. ನೀರು ಬೀಳುವ ಮೊದಲು ಮೆತ್ತನೆಯ ಕಸಬರಿಗೆಯಿಂದ ಅವನ್ನೆಲ್ಲ ಅಂಚಿಗೆ ಸರಿಸಬೇಕು, ಒಂದೂ ಸಾಯಬಾರದು. ನನಗೆ ತಡೆಯಲಾಗುತ್ತಿರಲಿಲ್ಲ. ಇಲ್ಲಿ ಒಂದೊಂದು ದಿನ ಉರುಳಿ ಹೋಗುತ್ತಿದೆ, ಇವರು ಇರುವೆ ಕಾಯುತ್ತಿದ್ದಾರೆ! ಬೇಗ ಬೇಗ ಎಂದು ನಾನು ಗಡಿಬಿಡಿ ಮಾಡಿದಷ್ಟೂ ಆ ಹುಡುಗಿ ನಿಧಾನವಾಗಿ ಗುಡಿಸುತ್ತಿದ್ದಳು. "ಏ ಹುಡುಗಿ, ನೀ ಏನ ಇರಿವಿ ಎಣಿಸಾಕತ್ತೀಯೇನು?" ಎಂದು ಒದರಿದರೆ, "ಇಲ್ರಿ ಸರ, ನೆಲಾ ನೋಡಾಕತ್ತೇನಿ" ಅನ್ನುತ್ತಿದ್ದಳು.

ಏಪ್ರಿಲ್ ಮುಗಿಯುವಷ್ಟರಲ್ಲಿ ಅವಳನ್ನು ದಾಟಿ ಒಂದು ಚೆಂಡೂ ಹೋಗುತ್ತಿರಲಿಲ್ಲ. ನಾನು ಎಷ್ಟು ಜೋರಾಗಿ ಹೊಡೆದರೂ ಅವಳ ಸ್ಟಿಕ್ಕಿಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಒಮ್ಮೆ ಬೇಕೆಂದೇ ಅವಳು ಬೆನ್ನು ತಿರುಗಿಸಿದ್ದಾಗ ಹೊಡೆದೆ. ಗರ್ರನೆ ತಿರುಗಿ ತಡೆದಳು. ಹೆಂಗ ಗೊತ್ತಾಯಿತು ಎಂದು ಕೇಳಿದೆ.

"ಚೆಂಡ ಬರೂದು ಕಾಲಿಗೆ ಮೊದಲ ಗೊತ್ತಾಕ್ಕೈತ್ರಿ ಸರ" ಅಂದಳು.

ಅಂದು ನನಗೆ ಅವಳ ಗುಟ್ಟು ತಿಳಿಯಿತು. ಓಡುವಾಗ ಅವಳ ಕಾಲ್ಬೆರಳು ನೆಲವನ್ನು ಹಿಡಿದು ಬಿಡುತ್ತಿದ್ದವು. ಹೆಬ್ಬೆರಳು ಊರಿ ತಿರುಗಿದರೆ ಉಳಿದವರು ಎರಡು ಹೆಜ್ಜೆ ಹಿಂದೆ ಉಳಿಯುತ್ತಿದ್ದರು. ಇದನ್ನು ನೋಡಿ ನಾನು ಎಷ್ಟು ಹಿಗ್ಗಿದೆನೆಂದರೆ, ಗೋಕಾಕಕ್ಕೆ ಹೋಗಿ ಹೆಂಡತಿಯ ಮುಂದೆ ಅಡಿಗೆಮನೆಯಲ್ಲಿ ಹೆಬ್ಬೆರಳ ಮೇಲೆ ತಿರುಗಿ ತೋರಿಸಲು ಹೋಗಿ ನೀರಿನ ತತ್ರಾಣಿ ಒಡೆದೆ. ಹಿಗ್ಗುವ ಬದಲು ಆಗಲೇ ನನಗೆ ಹೆದರಿಕೆ ಆಗಬೇಕಿತ್ತು.

ಮೇ ತಿಂಗಳು ಬಂತು. ಹುಡುಗಿಯ ಜೊತೆ ಹೆಣ್ಣುಮಕ್ಕಳು ಬೇಕೆಂದು ನನ್ನ ಹೆಂಡತಿಯೂ ಹೊರಟಳು. ಹೊರಡುವ ಮುಂಜಾನೆ ಆಕೆ, "ಚಪ್ಪಲಿ ಮ್ಯಾಲ ಬರಬ್ಯಾಡ್ರಿ, ಬೆಂಗಳೂರೈತಿ ಅದು" ಅಂದದ್ದಕ್ಕೆ ನನ್ನ ಕರಿ ಬೂಟು ತೆಗೆದು ಪಾಲಿಶ್ ಮಾಡಿಕೊಂಡೆ. ಮುಖ ಕಾಣುವಷ್ಟು ತಿಕ್ಕಿದೆ. ಸ್ಟಿಕ್, ವಯಸ್ಸಿನ ದಾಖಲೆ, ಫೋಟೋ, ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ಮೂರು ಸಲ ನೋಡಿ ಇಟ್ಟೆ. ಘಟಪ್ರಭಾ ಸ್ಟೇಷನ್ನಿಗೆ ಅವಳಪ್ಪ ಬಂದು ಮಗಳನ್ನು ಬಿಟ್ಟು ಹೋದ. ರೈಲಿನಲ್ಲಿ ನಾನು ಬಾಗಿಲಿಗೂ ಸೀಟಿಗೂ ತಿರುಗಾಡುತ್ತಲೇ ಇದ್ದೆ. ಹೆಂಡತಿ, "ನೀವ ನಡದ ಬೆಂಗಳೂರಿಗೆ ಹೊಂಟೀರೇನು?" ಎಂದು ಕೇಳಿದಳು. ಹುಡುಗಿ ಸೆರಗಿನಂತೆ ಹೊದ್ದ ಓಢಣಿಯ ಮರೆಯಲ್ಲಿ ನಕ್ಕಳು.

ಟರ್ಫು ನನ್ನ ನೆನಪಿನಲ್ಲಿದ್ದಷ್ಟು ಹಸಿರಾಗಿರಲಿಲ್ಲ. ಬೇಲಿಯ ಸಂದಿಯಿಂದ ಕೈ ತೂರಿಸಿ ಸವರಿದೆ. ಒರಟಾಗಿತ್ತು, ಒಂದು ಕಡೆ ಹೊಲಿಗೆಯೂ ಎದ್ದಿತ್ತು. ನಮ್ಮ ಕಾಕಾನ ಕಣ ಇದಕ್ಕಿಂತ ನುಣುಪು! ನನಗೆ ನಗು ತಡೆಯಲಾಗಲಿಲ್ಲ. ಗೆದ್ದೆವು ಎಂದೇ ಅಂದುಕೊಂಡೆ. ನೀರು ಹೊಡೆದು ಮುಗಿಸಿದರು. ಅವಳ ತಂಡದ ಸರದಿ ಬಂತು.

ಉಳಿದ ಹುಡುಗಿಯರು ಓಡಿ ಒಳಗೆ ಹೋದರು. ಇವಳು ಅಂಚಿಗೆ ಬಂದು ನಿಂತು, ಚಪ್ಪಲಿ ಎರಡನ್ನೂ ಜೋಡಿಸಿ ಹೊರಗಿಟ್ಟಳು. ಬಗ್ಗಿ ಟರ್ಫ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬರಿಗಾಲಲ್ಲಿ ಒಳಗೆ ನಡೆದಳು.

ಸೀಟಿ ಹಿಡಿದಿದ್ದ ತರಬೇತುದಾರ ಅವಳನ್ನು ತಡೆದ. "ಶೂಸ್ ಎಲ್ಲಮ್ಮ?"

ಅವಳು ಅರ್ಥವಾಗದೆ ನನ್ನ ಕಡೆ ನೋಡಿದಳು.

"ಬರಿಗಾಲಲ್ಲಿ ಟರ್ಫ್ ಮೇಲೆ ಬಿಡಕ್ಕಾಗಲ್ಲಮ್ಮ. ಚರ್ಮ ಕಿತ್ಕೊಂಡ್ ಬರುತ್ತೆ. ಶೂಸ್ ಹಾಕ್ಕೊಂಡ್ ಬಾ, ಇಲ್ಲ ಆಚೆ ಇರು" ಅಂದ.

ಆ ಕ್ಷಣ ನನ್ನ ಕಣ್ಣು ತಾನಾಗಿ ಕೆಳಗೆ ಹೋಯಿತು. ನನ್ನ ಎರಡೂ ಬೂಟು ಬಿಸಿಲಿಗೆ ಮಿಂಚುತ್ತಿದ್ದವು. ಟರ್ಫಿನ ವೇಗ ನೋಡಿದ್ದೆ, ನೀರು ನೋಡಿದ್ದೆ, ಅದು ಹುಟ್ಟಿದ ದಿನದಿಂದ ಹಿಡಿದು ಅದರ ಚರಿತ್ರೆ ಓದಿದ್ದೆ. ಬಿದ್ದರೆ ಸುಟ್ಟಂತೆ ಚರ್ಮ ಸುಲಿಯುತ್ತದೆ ಎಂಬುದನ್ನೂ ಓದಿದ್ದೆ. ನಾನೇ ಬೂಟು ಹಾಕಿಕೊಂಡು ಅಲ್ಲಿ ಸೋತು ಬಂದವನು. ಆದರೆ ಎರಡು ತಿಂಗಳು ಕಣದಲ್ಲಿ ಎಲ್ಲರ ಜೊತೆ ಬರಿಗಾಲಲ್ಲಿ ನಿಂತು ನಿಂತು, ಆಟಕ್ಕೆ ಬೂಟು ಬೇಕೆಂಬುದೇ ನನ್ನ ತಲೆಯಿಂದ ಹೋಗಿತ್ತು. ಒಂದು ದಿನ, ಒಂದೇ ಒಂದು ದಿನ, ಸಾಲೆಯ ಮೈದಾನದಲ್ಲಿ ಅವಳಿಗೆ ಕ್ಯಾನ್ವಾಸ್ ಬೂಟು ಹಾಕಿಸಿ ಓಡಿಸಿದ್ದರೆ ಸಾಕಿತ್ತು.

ಹೆಂಡತಿ ನನಗಿಂತ ಚುರುಕು. ಆಟ ಮುಗಿಸಿ ಕೂತಿದ್ದ ಬೇರೆ ಜಿಲ್ಲೆಯ ಹುಡುಗಿಯೊಬ್ಬಳ ಹತ್ತಿರ ಓಡಿ ಹೋಗಿ ಬೂಟು ಬೇಡಿ ತಂದಳು. ದೊಡ್ಡವಿದ್ದವು. ಮುಂದೆ ಕಾಗದ ತುರುಕಿ ದಾರ ಬಿಗಿದೆವು. ಗಡಿಬಿಡಿಯಲ್ಲಿ ನಾನು ಹಾಕಿದ ಗಂಟು ಬಿಚ್ಚಿಕೊಂಡಿತು, ಅದನ್ನೂ ಆಕೆಯೇ ಹಾಕಿದಳು. ಹುಡುಗಿ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ನೀರಿನ ಹೊಳೆಯೊಳಗೆ ನಡೆಯುವವರಂತೆ ಕಾಲೆತ್ತಿ ಇಡುತ್ತಿದ್ದಳು.

ಹದಿನೈದು ನಿಮಿಷದ ಆಟ. ಮೊದಲ ಚೆಂಡು ಬಂದಾಗ ಹೆಬ್ಬೆರಳೂರಿ ತಿರುಗಲು ಹೋಗಿ ಬಿದ್ದಳು. ಎದ್ದಳು. ಎರಡನೆಯ ಸಲ ಬೂಟು ಒಂದು ಕಡೆ ಹೋಯಿತು, ಕಾಲು ಒಂದು ಕಡೆ. ಮೊಣಕೈಯಿಂದ ರಕ್ತ ಬಂತು. ನಾನು ಬೇಲಿ ಹಿಡಿದು, "ನೆಲಾ ನೋಡು! ನೆಲಾ ನೋಡು!" ಎಂದು ಒದರಿದೆ. ಯಾರೋ ಬಂದು, ಸುಮ್ಮನಿರದಿದ್ದರೆ ಗೇಟಿನ ಹೊರಗೆ ಹಾಕುತ್ತೇವೆ ಎಂದರು. ಅವರ ಜೊತೆಗೂ ಜಗಳಕ್ಕೆ ನಿಂತೆ. ಹೆಂಡತಿ ಅಂಗಿ ಹಿಡಿದು ಎಳೆದಳು.

ಕೊನೆಯ ಎರಡು ನಿಮಿಷ ಇರಬೇಕು, ಅವಳು ಓಡುವುದನ್ನೇ ಬಿಟ್ಟಳು. ಒಂದೇ ಕಡೆ ಕಾಲು ಅಗಲಿಸಿ ನಿಂತುಬಿಟ್ಟಳು. ಎದುರಿನಿಂದ ಒಂದು ಜೋರಾದ ಹೊಡೆತ ಬಂತು. ಅವಳ ಸ್ಟಿಕ್ಕಿಗೆ ತಾಗಿ ಚೆಂಡು ಸುಮ್ಮನೆ ನಿಂತಿತು. ಮೈದಾನದ ಆ ತುದಿಯಲ್ಲಿದ್ದ ಹುಡುಗಿಗೆ ನೇರವಾಗಿ ತಳ್ಳಿದಳು. ಆಮೇಲೆ ಇನ್ನೊಂದು, ಅದೂ ನಿಂತಿತು. ಈಗ ಬಂತು, ಈಗ ಹಿಡಿದಳು ಅಂದುಕೊಂಡೆ. ಸೀಟಿ ಊದಿದರು.

ಮುಂಜಾನೆ ಆಡಿದವರ ಪಟ್ಟಿಯನ್ನು ಮಧ್ಯಾಹ್ನ ಓದಿದರು, ಅದರಲ್ಲಿ ಅವಳ ಹೆಸರಿರಲಿಲ್ಲ. ನಾನು ತರಬೇತುದಾರನನ್ನು ಬೆನ್ನು ಹತ್ತಿ ಕೇಳಿದೆ. ಆತ ಕೆಟ್ಟವನೇನೂ ಅಲ್ಲ. "ಕೈ ಬಹಳ ಚೆನ್ನಾಗಿದೆ ಸಾರ್. ಶೂಸ್ ಹಾಕ್ಕೊಂಡ್ ಓಡಿ ಅಭ್ಯಾಸ ಇಲ್ಲ ಅಷ್ಟೆ. ಮುಂದಿನ ವರ್ಷ ಕರ್ಕೊಂಡ್ ಬನ್ನಿ" ಅಂದ. ಮುಂದಿನ ವರ್ಷಕ್ಕೆ ವಯಸ್ಸು ದಾಟುತ್ತದೆ ಎಂದೆ. "ಅಯ್ಯೋ" ಎಂದು ನಿಂತ. ಮುಂದಿನ ತಂಡವನ್ನು ಕರೆಯುತ್ತಿದ್ದರು, ಹೋದ.

ಅವಳು ಅಳಲಿಲ್ಲ. ಬೂಟಿನೊಳಗಿನ ಕಾಗದ ತೆಗೆದು, ಒರೆಸಿ, ಆ ಹುಡುಗಿಗೆ ಕೊಟ್ಟು ಬಂದಳು. "ಕಾಲ ಕಿವುಡಾಗಿದ್ದೂರಿ ಸರ" ಎಂದಷ್ಟೇ ಹೇಳಿದಳು. ನಾನು ತಪ್ಪು ನನ್ನದು ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಜಗಳಕ್ಕಾದರೆ ಈ ಬಾಯಿ ಎಂದೂ ತಡವರಿಸಿದ್ದಿಲ್ಲ.

ತಿರುಗಿ ಬರುವಾಗ ಹೆಂಡತಿ ಗೋಕಾಕದಲ್ಲಿ ಇಳಿದಳು. ಇಳಿಯುವ ಮೊದಲು ನನ್ನ ಕಿವಿಯ ಹತ್ತಿರ, "ಅವರಪ್ಪಗ ಖರೆ ಹೇಳ್ರಿ" ಅಂದಳು. ಹೇಳುತ್ತೇನೆ ಎಂದೆ. ಅಲ್ಲಿಂದ ಅರಭಾವಿ ದಾಟುವವರೆಗೆ ಒಂದೇ ಮಾತನ್ನು ಹತ್ತಾರು ಬಗೆಯಲ್ಲಿ ಜೋಡಿಸಿದೆ. ಹುಡುಗಿಯ ಆಟದಲ್ಲಿ ದೋಷವಿಲ್ಲ, ಮರೆತವನು ನಾನು. ಇಷ್ಟೇ ಹೇಳಬೇಕಾಗಿದ್ದದ್ದು.

ಅವಳಪ್ಪ ಅದೇ ಕಂಬಳಿ ಹಾಸಿದ. ಅವಳವ್ವ ಚಹಾ ತಂದು ಕೊಟ್ಟಳು. ಆತ ನನ್ನ ಮುಖ ನೋಡಿಯೇ ಫಲಿತಾಂಶ ತಿಳಿದುಕೊಂಡ. "ಏನಾತ್ರಿ ಮಾಸ್ತರ್ರ?" ಎಂದ. ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ನಾ ಬಿದ್ನಿ ಅಪ್ಪಾ" ಎಂದು ಅವಳು ಒಳಗಿನಿಂದ ಬಂದಳು. "ಅಲ್ಲೆ ಬೂಟ ಇಲ್ಲದ ಬಿಡೂದಿಲ್ಲ. ಸರ ಮೊದಲ ಹೇಳಿದ್ರು, ಬೂಟ ರೂಢಿ ಮಾಡ್ಕೋ ಅಂತ. ನಾನ ಕೇಳಲಿಲ್ಲ."

ಅವಳಪ್ಪ ಅವಳನ್ನು ಬೈದ. ಬಹಳ ಬೈಯಲಿಲ್ಲ. "ಮಾಸ್ತರ್ರು ಹೆಂಡತಿನ್ನ ಕರಕೊಂಡ ಅಷ್ಟ ದೂರ ಬಂದ್ರು, ಹೇಳಿದ್ದೊಂದು ಮಾತ ಕೇಳಾಕ ಏನಾಗಿತ್ತು ನಿನಗ?" ಎಂದ. ಅವಳು ತಲೆ ತಗ್ಗಿಸಿ ನಿಂತಳು. ಆತ ನನಗೆ ಕೈ ಮುಗಿದು, "ನೀವ ನಿಮ್ಮ ಕೆಲಸಾ ಮಾಡೀರಿ. ಆಕಿ ದೈವ" ಅಂದ. ನಾನು ಚಹಾ ಕುಡಿದೆ. ಬಿಸಿ ಇತ್ತು, ಊದಿ ಊದಿ ಕುಡಿದೆ.

ದಾರಿಯವರೆಗೆ ಅವಳು ನನ್ನ ಜೊತೆ ಬಂದಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ನಾಚಿಕೆಯಾದರೂ ನನಗೆ ಸಿಟ್ಟೇ ಬರುತ್ತದೆ.

"ನೀವ ಮರತೀರಿ ಅಂತ ಗೊತ್ತಾದ್ರ ಅಪ್ಪ ನನ್ನ ತಂಗಿನ್ನ ನಿಮ್ಮ ಜೋಡಿ ಕಳಸೂದಿಲ್ರಿ" ಅಂದಳು. ಆಮೇಲೆ, ಮಗುವಿಗೆ ಬುದ್ಧಿ ಹೇಳುವವರಂತೆ ಮೆಲ್ಲಗೆ, "ಆಕಿಗೆ ಬೂಟ ಮರೀಬ್ಯಾಡ್ರಿ ಸರ" ಅಂದಳು.

ಅವರ ಮನೆ ಇನ್ನೂ ಕಾಣುತ್ತಿತ್ತು. ಅವಳಪ್ಪ ಬಾಗಿಲಲ್ಲೇ ನಿಂತಿದ್ದ. ಹಿಂದಿರುಗಿ ಹೋಗಿ ಒಂದು ಮಾತು ಹೇಳುವುದಕ್ಕೆ ಐವತ್ತು ಹೆಜ್ಜೆಯೂ ಬೇಕಿರಲಿಲ್ಲ. ಗೋಕಾಕದ ಬಸ್ಸು ಬಂತು. ಕೈ ಮಾಡಿದೆ, ನಿಂತಿತು, ಹತ್ತಿ ಒಂದು ಸೀಟಿನಲ್ಲಿ ಕೂತೆ.